ಹತ್ತರಿಂದ ಎರಡರ ಸರದಿ

ನಮ್ಮೂರಿನಲ್ಲಿ ಯಾರಾದರೂ ನಿದ್ದೆಗೆ ಬಿದ್ದರೆ ಮನೆಯವರು ಮೊದಲು ಮಾಡುವ ಕೆಲಸ ಅವರ ಬಳೆ, ಕಾಲುಂಗುರ, ಉಡಿದಾರಗಳನ್ನು ಬಿಚ್ಚಿ ಒಂದು ಡಬ್ಬಿಗೆ ಹಾಕಿಡುವುದು. ಎರಡನೆಯದು, ಬೀದಿ ಬಾಗಿಲಿನ ಚಿಲಕ ತೆಗೆದಿಡುವುದು. ಚಿಲಕ ತೆಗೆದಿದ್ದರೆ ಸರದಿಯವರು ತಾವಾಗಿ ಬರುತ್ತಾರೆ. ಮಾಘ ಕಳೆದು ಬಿಸಿಲೇರುವ ಎರಡು ತಿಂಗಳಲ್ಲಿ ಊರಿನ ಹತ್ತು ಹನ್ನೆರಡು ಮಂದಿಗೆ ಹೀಗಾಗುತ್ತದೆ. ಊಟಕ್ಕೆ ಕೂತವರು ಎಲೆಯ ಮುಂದೆಯೇ, ತೂಕ ಹಾಕುತ್ತಿದ್ದವರು ತಕ್ಕಡಿ ಹಿಡಿದಲ್ಲೇ ಒರಗಿಬಿಡುತ್ತಾರೆ. ಆಮೇಲೆ ಇಪ್ಪತ್ತು ದಿನವೋ ಮೂವತ್ತು ದಿನವೋ ಏಳುವುದಿಲ್ಲ. ಇಂಥವರಿಗೇ ಬರುತ್ತದೆ ಎಂದೇನೂ ಇಲ್ಲ. ನನಗೆ ಒಮ್ಮೆಯೂ ಬಂದಿಲ್ಲ. ನನ್ನ ಅಣ್ಣನಿಗೆ ಎರಡು ಸಲ ಬಂದಿತ್ತು.

ಈ ನಿದ್ದೆಯಿಂದ ಯಾರೂ ಸಾಯುವುದಿಲ್ಲ, ಆದರೆ ನೋಡಿಕೊಳ್ಳದಿದ್ದರೆ ಕೆಡುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೈ ಒರೆಸಬೇಕು, ಬಟ್ಟೆ ಬದಲಾಯಿಸಬೇಕು, ತಿಳಿಗಂಜಿಯನ್ನು ಚಮಚದಲ್ಲಿ ಹನಿ ಹನಿಯಾಗಿ ಬಿಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಕಿವಿಯ ಹತ್ತಿರ ಮಾತಾಡುತ್ತಿರಬೇಕು. ಮಾತಿಲ್ಲದೆ ಬಿಟ್ಟರೆ ಎದ್ದಾಗ ಅವರ ಮಾತು ಕಳೆದುಹೋಗಿರುತ್ತದೆ. ಮನೆಯವರೇ ಕೂರಬಹುದಲ್ಲ ಎಂದು ಪರಸ್ಥಳದವರು ಕೇಳುತ್ತಾರೆ. ಮನೆಯವರು ಮೊದಲನೇ ದಿನ ಕೂರುತ್ತಾರೆ, ಎರಡನೇ ದಿನ ಅಳುತ್ತಾರೆ, ಮೂರನೇ ದಿನ ತಡೆಯಲಾರದೆ ಭುಜ ಹಿಡಿದು ಅಲುಗಾಡಿಸುತ್ತಾರೆ. ಅದು ಕೂಡದು. ಆದ್ದರಿಂದ ಬೇರೆಯವರು ಬೇಕು. ಪುರಜನ ಸಂಘದ ಕಚೇರಿಯಲ್ಲಿ ಚೀಟಿ ಎತ್ತಿ, ನಾಲ್ಕು ನಾಲ್ಕು ಗಂಟೆಯ ಸರದಿ ಹಂಚಿಕೊಂಡು, ಸರದಿ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾರೆ. ಇದಕ್ಕೆ ಕೂಲಿಯಿಲ್ಲ, ಕಾಫಿಯೂ ಇಲ್ಲ. ಮಲಗಿದವರ ರೆಪ್ಪೆ ಅದುರತೊಡಗಿದ ತಕ್ಷಣ ಸರದಿಯವರು ಎದ್ದು ಹೊರಟುಬಿಡಬೇಕು. ಯಾರು ಕೂತಿದ್ದರೆಂದು ಎದ್ದವರಿಗೆ ಯಾರೂ ಹೇಳುವುದಿಲ್ಲ. ಕಾನೂನೇನೂ ಇಲ್ಲ, ಆದರೂ ಹೇಳುವುದಿಲ್ಲ. ಮಲಗಿದವರ ಮೇಲೆ ಋಣ ಹೊರಿಸಬಾರದು ಎಂದು ಹಿರಿಯರು ಅನ್ನುತ್ತಿದ್ದರು.

ಹೊಂಬಾಳಮ್ಮ ಈ ಕೆಲಸಕ್ಕೆ ನಿಂತು ಇಪ್ಪತ್ತೆರಡು ವರ್ಷವಾಗಿತ್ತು. ಹಳೆ ಸಂತೆ ಬೀದಿಯಲ್ಲಿ ಅವಳದು ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಬೆಲ್ಟು ಏರಿಸುವುದರಿಂದ ಹಿಡಿದು ಸವೆದ ಬೀಸುಕಲ್ಲಿಗೆ ಉಳಿ ಹಾಕುವುದರವರೆಗೆ ಎಲ್ಲವನ್ನೂ ತಾನೇ ಕಲಿತು ಗಿರಣಿ ನಡೆಸುತ್ತಿದ್ದಳು. ಐವತ್ತೊಂಬತ್ತು ವರ್ಷ, ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ನಿದ್ದೆಯ ಕಾಲ ಬಂತೆಂದರೆ ಬೆಳಿಗ್ಗೆ ಹತ್ತು ಗಂಟೆಗೆ ಗಿರಣಿ ನಿಲ್ಲಿಸಿ, ಮುಖ ತೊಳೆದು, ಹತ್ತರಿಂದ ಎರಡರ ಸರದಿಗೆ ಹೋಗುವಳು. ಊರಿನವರೂ ಆ ಹೊತ್ತಿಗೆ ಕಾಳು ತರುತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಬಿಟ್ಟಳೋ ಏನೋ, ಅವಳದು ಮಾತು ಬಹಳ ಕಡಿಮೆ. ಇಂಥವಳು ಮಲಗಿದವರ ಹತ್ತಿರ ನಾಲ್ಕು ಗಂಟೆ ಏನು ಹೇಳುತ್ತಾಳೆ ಎಂಬುದು ನನ್ನ ಮನೆಯಾಕೆಗೆ ತೀರದ ಕುತೂಹಲವಾಗಿತ್ತು. ಆದರೆ ಹೊಂಬಾಳಮ್ಮ ನೋಡಿಕೊಂಡವರು ಎದ್ದು ಗಲಗಲ ಮಾತಾಡುತ್ತಿದ್ದರು. ಅಂಥವರು ಅರವತ್ತಮೂರು ಜನ.

ಲೆಕ್ಕ ನನಗೆ ಗೊತ್ತು, ಏಕೆಂದರೆ ಸರದಿ ಪುಸ್ತಕದ ಬೀಗದ ಕೈ ನನ್ನ ಹತ್ತಿರವಿತ್ತು. ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ನಿವೃತ್ತನಾದವನು ನಾನು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಸಂಘದ ಕಾರ್ಯದರ್ಶಿಯಾದೆ. ನಾನು ಮುಂದೆ ಹೇಳುವುದರಲ್ಲಿ ಕೆಲವನ್ನು ಕಣ್ಣಾರೆ ಕಂಡೆ, ಉಳಿದದ್ದನ್ನು ಹೊಂಬಾಳಮ್ಮ ತಾನೇ ಹೇಳಿದಳು. ನಡುವೆ ನನ್ನದೂ ಒಂದು ತಪ್ಪು ಇದೆ.

ಸರದಿಯವರು ಕಡಿಮೆಯಾಗುತ್ತಾ ಬಂದಿದ್ದರು. ನಾನು ಪುಸ್ತಕ ಹಿಡಿದಾಗ ಅರವತ್ತು ಹೆಸರುಗಳಿದ್ದವು, ಆ ವರ್ಷ ಹತ್ತೊಂಬತ್ತು. ಹಿಂದಿನ ಬೇಸಿಗೆಯಲ್ಲಿ ಕುಂಬಾರಗೇರಿಯ ಗುರುಲಿಂಗಯ್ಯ ಮಲಗಿದಾಗ ದಿನಕ್ಕೆ ಎರಡು ಸರದಿಗೆ ಮಾತ್ರ ಜನ ಸಿಕ್ಕಿದರು. ಇಪ್ಪತ್ತೊಂಬತ್ತನೇ ದಿನ ಎದ್ದಾಗ ಆತನ ಬೆನ್ನು ಹುಣ್ಣಾಗಿತ್ತು, ಬಾಯಲ್ಲಿ ಒಂದು ಮಾತೂ ಇರಲಿಲ್ಲ. ನೀರು ಬೇಕಾದರೆ ಲೋಟ ತೋರಿಸುವನು. ಹೆಂಡತಿಯ ಹೆಸರು ಹೇಳುವುದಕ್ಕೆ ಆತನಿಗೆ ಎಂಟು ತಿಂಗಳು ಹಿಡಿಯಿತು.

ಸಂಘದ ಅಧ್ಯಕ್ಷ ವಜ್ರಕುಮಾರನನ್ನು ಇದು ಬಹಳ ಕಾಡಿತು. ಪಾತ್ರೆ ಅಂಗಡಿಯ ಮನುಷ್ಯ. ಸಭೆ ಸಮಾರಂಭದ ಹುಚ್ಚು ಸ್ವಲ್ಪ ಇದೆ, ಆದರೆ ಮನಸ್ಸು ಒಳ್ಳೆಯದು. ಆತನ ತಾಯಿ ಎರಡು ಸಲ ಮಲಗಿ ಎರಡು ಸಲವೂ ಹಾಡುತ್ತಾ ಎದ್ದಿದ್ದರು. ಪಕ್ಕ ಕೂತವರಿಗೆ ಒಂದು ನಮಸ್ಕಾರವನ್ನೂ ಹೇಳಲಾಗದೆ ಆಕೆ ತೀರಿಕೊಂಡರು ಎಂಬುದು ಆತನ ಕೊರಗು. ಮಾರ್ಗಶಿರದ ಸಭೆಯಲ್ಲಿ ಆತ ಎದ್ದು, ಸಂಕ್ರಾಂತಿಯ ಮರುದಿನ ಐವರು ಸರದಿಯವರಿಗೆ ಊರಿನ ಪರವಾಗಿ ಪ್ರಶಸ್ತಿ ಕೊಡೋಣ ಎಂದ. ಶಾಲು, ಹಾರ, ಫಲ, ಬೆಳ್ಳಿಯ ಚಿಕ್ಕ ಚಮಚ, ಕಟ್ಟು ಹಾಕಿಸಿದ ಅಭಿನಂದನಾ ಪತ್ರ. ಹಿರಿಯರು ಒಬ್ಬಿಬ್ಬರು ಹಳೆಯ ಮಾತನ್ನೇ ನೆನಪಿಸಿದರು, ಋಣ ಹೊರಿಸಬಾರದು ಎಂದು. ವಜ್ರಕುಮಾರ ಜಗಳಕ್ಕೆ ಹೋಗಲಿಲ್ಲ. ಹೇಳದೆ ಹೇಳದೆ ಇಂಥದೊಂದು ಕೆಲಸ ಊರಲ್ಲಿ ಇದೆ ಎನ್ನುವುದೇ ಹರೆಯದವರಿಗೆ ತಿಳಿಯದಂತಾಗಿದೆ, ಇನ್ನೈದು ವರ್ಷಕ್ಕೆ ನಾವೆಲ್ಲ ಗುರುಲಿಂಗಯ್ಯಗಳೇ ಎಂದ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಈಗ ಕೇಳಿದರೂ ಎತ್ತುತ್ತೇನೆ.

ಆಮೇಲೆ ಆತ ಇನ್ನೊಂದು ಸೇರಿಸಿದ. ಪ್ರಶಸ್ತಿ ಪಡೆಯುವವರಿಗೆ ಶಾಲು ಹೊದಿಸುವುದು ಮಂತ್ರಿಯೂ ಅಲ್ಲ, ಸ್ವಾಮಿಗಳೂ ಅಲ್ಲ. ಅವರು ಯಾರ ಪಕ್ಕ ಕೂತಿದ್ದರೋ ಆ ಮಲಗಿ ಎದ್ದವರೇ ಹೊದಿಸಬೇಕು. ಇದನ್ನು ಕೇಳಿ ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ತಮ್ಮ ಪಕ್ಕ ಕೂತವರು ಯಾರೆಂದು ಒಮ್ಮೆಯಾದರೂ ತಿಳಿಯಬೇಕೆಂಬ ಆಸೆ ಊರಿನ ಅರ್ಧ ಜನಕ್ಕೆ ಒಳಗೊಳಗೇ ಇತ್ತು.

ಒಬ್ಬೊಬ್ಬರಿಗೂ ಮಲಗಿ ಎದ್ದವರೊಬ್ಬರನ್ನು ಪುಸ್ತಕದಿಂದ ಹುಡುಕಿ ಗೊತ್ತುಮಾಡುವ ಕೆಲಸ ನನ್ನದಾಯಿತು. ಹೊಂಬಾಳಮ್ಮನ ಅರವತ್ತಮೂರು ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದಾಗ ಏಳು ವರ್ಷದ ಹಿಂದಿನ ಒಂದು ಹೆಸರಿನ ಮೇಲೆ ನಿಂತೆ. ಶಾವಿಗೆ ತುಂಗಮ್ಮ, ಇಪ್ಪತ್ತಾರು ದಿನ, ಹತ್ತರಿಂದ ಎರಡು.

ತುಂಗಮ್ಮ ಮತ್ತು ಹೊಂಬಾಳಮ್ಮ ಒಂದು ಕಾಲದಲ್ಲಿ ಒಂದೇ ಒರಳಿನಲ್ಲಿ ರುಬ್ಬಿ ಒಂದೇ ತಟ್ಟೆಯಲ್ಲಿ ಉಂಡವರು. ಹದಿನಾಲ್ಕು ವರ್ಷದ ಹಿಂದೆ ಹೊಂಬಾಳಮ್ಮನ ಮಗಳು ವಿಮಲೆಗೆ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ತುಂಗಮ್ಮನ ಮನೆಗೆ ಹೋಗಿ, ದೀಪದ ಮುಂದೆ ಕೂರಿಸಿ, ಹುಡುಗಿಗೆ ಏನಾದರೂ ಕಾಯಿಲೆ ಇತ್ತೇ ಎಂದು ಕೇಳಿದರು. ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು, ಈಗ ವಾಸಿಯಾಗಿದೆ ಎಂದು ತುಂಗಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಂಬಂಧ ಮುರಿಯಿತು. ವಿಮಲೆಗೆ ಮುಂದಿನ ವರ್ಷವೇ ಅದಕ್ಕಿಂತ ಒಳ್ಳೆಯ ಗಂಡ ಸಿಕ್ಕಿದ, ಎರಡು ಮಕ್ಕಳೂ ಆದವು. ಆದರೆ ತಾಯಿಯ ಮನಸ್ಸಿನಲ್ಲಿ ಮುರಿದದ್ದು ಕೂಡಲಿಲ್ಲ. ಹಾಲಿನ ಡೇರಿಯಲ್ಲಿ ಇಬ್ಬರೂ ಎದುರಾದರೆ ಒಬ್ಬಳು ಕ್ಯಾನಿನ ಕಡೆ, ಇನ್ನೊಬ್ಬಳು ಗೋಡೆಯ ಕಡೆ ನೋಡುವಳು.

ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಹೆಸರು ಬರೆದೆ. ವೇದಿಕೆಯ ಮೇಲೆ ತುಂಗಮ್ಮ ಶಾಲು ಹೊದಿಸಿದರೆ ಹದಿನಾಲ್ಕು ವರ್ಷದ ಮುನಿಸು ಊರ ಮುಂದೆಯೇ ಕರಗುತ್ತದೆ, ಅದಕ್ಕೆ ನಾನು ಕಾರಣನಾಗುತ್ತೇನೆ ಎಂದು ಹಿಗ್ಗಿದೆ. ಮನೆಗೆ ಬಂದು ಮನೆಯಾಕೆಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ತುಂಗಮ್ಮ ಏಳು ವರ್ಷದಿಂದ ಪ್ರತಿ ಯುಗಾದಿಗೂ ನಮ್ಮ ಮನೆಗೆ ಎರಡು ಸೇರು ಶಾವಿಗೆ ಕಳಿಸುತ್ತಿರುವುದು ಏಕೆ ಗೊತ್ತೇ ಎಂದು ಕೇಳಿದಳು. ತನ್ನ ಪಕ್ಕ ಕೂತವಳು ನನ್ನ ಹೆಂಡತಿಯೇ ಎಂದು ತುಂಗಮ್ಮ ನಂಬಿಬಿಟ್ಟಿದ್ದಳಂತೆ.

"ಇಲ್ಲ ಅಂದ್ರೆ ಮತ್ತೆ ಯಾರು ಅಂತ ಕೇಳ್ತಾರೆ. ಹೌದು ಅಂದ್ರೆ ಸುಳ್ಳಾಯ್ತದೆ. ಅದಕ್ಕೆ ಸುಮ್ನೆ ಶಾವಿಗೆ ಈಸ್ಕೊಂಡೆ" ಎಂದಳು ನನ್ನಾಕೆ. ಆಮೇಲೆ, ನೀವು ಮಾಡಿರುವುದು ಸರಿಯಲ್ಲ ಎಂದಳು. ನಾನು ಕೇಳಲಿಲ್ಲ.

ಮರುದಿನ ಗಿರಣಿಗೆ ಹೋಗಿ ಹೊಂಬಾಳಮ್ಮನಿಗೆ ವಿಷಯ ತಿಳಿಸಿದೆ. ಹೊಸ ರಾಗಿಯ ಕಾಲ, ಗಿರಣಿಯ ತುಂಬ ಚೀಲ. ಸದ್ದಿನಲ್ಲಿ ಅವಳಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಪ್ರಶಸ್ತಿ ಎಂದಾಗ ನಕ್ಕಳು. ತುಂಗಮ್ಮ ಎಂದಾಗ ಕೈಚಾಚಿ ಸ್ವಿಚ್ಚು ಆರಿಸಿದಳು. ಬೆಲ್ಟು ಪೂರ್ತಿ ನಿಂತಿತು. ಆಮೇಲೆ, "ನನ್ನ ಹೆಸರು ತೆಗೀರಿ ಮೇಷ್ಟ್ರೆ" ಎಂದಳು. ಕಾರಣ ಕೇಳಿದ್ದಕ್ಕೆ ಮತ್ತೆ ಸ್ವಿಚ್ಚು ಹಾಕಿದಳು.

ವಜ್ರಕುಮಾರ ತಾನೇ ಹೋಗಿ ಅರ್ಧ ಗಂಟೆ ಕೂತು ಬಂದ. ಅರವತ್ತಮೂರು ಜನರನ್ನು ನೋಡಿಕೊಂಡವಳನ್ನು ಬಿಟ್ಟು ಇನ್ನಾರಿಗೋ ಕೊಟ್ಟರೆ ಊರು ನಗುತ್ತದೆ ಎಂದ, ಹರೆಯದವರು ನಿನ್ನನ್ನು ನೋಡಿ ಬರಬೇಕು ಎಂದ, ತನ್ನ ತಾಯಿಯ ಹೆಸರು ಹೇಳಿದ. ಅವಳು ಆತನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು, ಅಷ್ಟೇ. ಒಲ್ಲೆ ಎಂದದ್ದು ಒಂದೇ ಮಾತು. ಅದು ಬೀದಿಯಿಂದ ಬೀದಿಗೆ ಹೋಗುವಾಗ ಬೆಳೆಯಿತು. ಸಂಜೆಯ ಹೊತ್ತಿಗೆ, ಸೇವೆ ಮಾಡಿ ಶಾಲು ಹೊದೆಯುವವರು ಗತಿಗೆಟ್ಟವರು ಎಂದು ಹೊಂಬಾಳಮ್ಮ ಅಂದಳಂತೆ ಎಂದಾಗಿತ್ತು.

ಆ ಮಾತು ಮಸ್ತಾನ್ ಸಾಬರ ಕಿವಿಗೂ ಬಿತ್ತು. ಮಸ್ತಾನ್ ಸಾಬರು ಬಸ್ ನಿಲ್ದಾಣದ ಪಕ್ಕದಲ್ಲಿ ಕೊಡೆ, ಬೀಗ, ಟಾರ್ಚು ರಿಪೇರಿ ಮಾಡುವವರು. ನಲವತ್ತೊಂದು ಜನರ ಪಕ್ಕ ಕೂತವರು. ಐವರ ಪಟ್ಟಿಯಲ್ಲಿ ಅವರದು ಎರಡನೇ ಹೆಸರು. ಎರಡು ದಿನ ಬಿಟ್ಟು ಅವರು ಒಂದು ಸೇರು ಗೋಧಿ ಹಿಡಿದುಕೊಂಡು ಗಿರಣಿಗೆ ಬಂದರು. ಗೋಧಿ ಬೀಸಿಸುವುದಕ್ಕೆ ಅವರ ಸೊಸೆ ಬರುವುದು ವಾಡಿಕೆ, ಅವರಲ್ಲ. ಅವತ್ತು ಅವರು ಕಪ್ಪು ಕೋಟು ಹಾಕಿಕೊಂಡಿದ್ದರು. ಪೆಟ್ಟಿಗೆಯ ತಳದಿಂದ ತೆಗೆದ ಕೋಟು. ಭುಜದ ಹತ್ತಿರ ಹೊಸ ಹೊಲಿಗೆ ಕಾಣುತ್ತಿತ್ತು, ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ದರ್ಜಿಯ ಹತ್ತಿರ ತೋರಿಸಿ ಅದೇ ದಾರಿಯಲ್ಲಿ ಬಂದಿದ್ದರು.

ಹಿಟ್ಟು ಬೀಳುವವರೆಗೆ ಅವರು ಅದೂ ಇದೂ ಹೇಳಿದರು. ಹೊರಡುವ ಹೊತ್ತಿಗೆ, ನಾನೂ ಹೆಸರು ತೆಗೆಸುತ್ತೇನೆಂದು ಮೇಷ್ಟ್ರಿಗೆ ಹೇಳಿಕಳಿಸಿದ್ದೇನೆ ಎಂದರು. ಹೊಂಬಾಳಮ್ಮ ಯಾಕೆ ಎಂದಳು. ನೀವು ಬೇಡವೆಂದದ್ದನ್ನು ನಾನು ಹೋಗಿ ತೆಗೆದುಕೊಂಡರೆ ಆಸೆಬುರುಕ ಅನ್ನುವುದಿಲ್ಲವೇ ಎಂದು ಅವರು ನಗಲು ನೋಡಿದರು.

"ನಿಮಗೆ ಬೇಕಾ ಸಾಬ್ರೆ?" ಎಂದು ಅವಳು ಕೇಳಿದಳು.

ಅವರು ಹಿಟ್ಟಿನ ಚೀಲದ ಬಾಯಿ ಕಟ್ಟಿದರು. "ಬೇಕು ಅಮ್ಮಾ. ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ" ಎಂದರು. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಇಷ್ಟು ವರ್ಷದಲ್ಲಿ ಒಂದು ಸಲವೂ ಯಾರೂ ಮೈಕಿನಲ್ಲಿ ತನ್ನ ಹೆಸರು ಕರೆದಿಲ್ಲ ಎಂದರು. ಮೊಮ್ಮಗಳು ಗಂಡನ ಊರಿನಿಂದ ಬರುತ್ತೇನೆಂದು ಬಸ್ಸಿಗೆ ಸೀಟು ಹಿಡಿಸಿದ್ದಾಳೆ, ಬರಬೇಡ ಎಂದು ಈಗ ಹೇಳಬೇಕು ಎಂದರು. ದೂರಿನ ದನಿಯಲ್ಲ, ಆಗಬೇಕಾದ ಕೆಲಸವೊಂದನ್ನು ನೆನಪಿಸಿಕೊಂಡ ಹಾಗೆ.

ಅವರು ಹೋದ ಮೇಲೆ ಹೊಂಬಾಳಮ್ಮ ಕಾಳಿನ ಮೂಟೆಯ ಮೇಲೆ ಕೂತಳು. ತಾನು ಅನ್ನದ ಮಾತನ್ನು ಊರು ಅಂದಿದೆ, ಅದನ್ನು ಅಲ್ಲವೆನ್ನಲು ಬಾಯಿ ತೆಗೆದರೆ ನಿಜವಾದ ಕಾರಣ ಹೇಳಬೇಕು. ಹೇಳದಿದ್ದರೆ ಆ ಕೋಟು ಮತ್ತೆ ಪೆಟ್ಟಿಗೆ ಸೇರುತ್ತದೆ. ಒಪ್ಪಿದರೆ ತುಂಗಮ್ಮನಿಗೆ ಗೊತ್ತಾಗುವುದು ವೇದಿಕೆಯ ಮೇಲೆ, ಐನೂರು ಜನರ ಮುಂದೆ. ನನಗೆ ಯಾರಾದರೂ ಹಾಗೆ ಮಾಡಿದ್ದರೆ ಆ ಶಾಲನ್ನೇ ಅವರ ಕುತ್ತಿಗೆಗೆ ಬಿಗಿಯುತ್ತಿದ್ದೆ ಎಂದು ನನಗೆ ಆಮೇಲೆ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಸಾಲಿನಲ್ಲಿದ್ದವರಿಗೆ ಮಧ್ಯಾಹ್ನ ಬನ್ನಿ ಎಂದು ಹೇಳಿ, ಗಿರಣಿಗೆ ಬೀಗ ಹಾಕಿದಳು. ಮುಖ ತೊಳೆಯುವುದನ್ನೂ ಮರೆತು ತುಂಗಮ್ಮನ ಮನೆಯ ಕಡೆ ನಡೆದಳು.

ತುಂಗಮ್ಮ ಅಂಗಳದಲ್ಲಿ ಮಂಚ ಹಾಕಿ ಶಾವಿಗೆ ಒಣಗಿಸುತ್ತಿದ್ದಳು. ಗಂಡ ಕರಿಯಣ್ಣ ಕಾಗೆ ಓಡಿಸುವ ಕೋಲು ಹಿಡಿದು ನೆರಳಿನಲ್ಲಿ ಕೂತಿದ್ದ. ಹದಿನಾಲ್ಕು ವರ್ಷದ ಮೇಲೆ ಆ ಬಾಗಿಲಲ್ಲಿ ಹೊಂಬಾಳಮ್ಮನನ್ನು ಕಂಡು ತುಂಗಮ್ಮ, ವಿಮಲೆಗೆ ಏನಾದರೂ ಆಯಿತೇ ಎಂದು ಎದ್ದು ನಿಂತಳು. ಏನೂ ಆಗಿಲ್ಲ ಎಂದಳು ಹೊಂಬಾಳಮ್ಮ. ಮುಂದೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ನಿಂತಲ್ಲೇ ಹೇಳಿಬಿಟ್ಟಳು.

"ನೀನು ಮಲಗಿದ್ದಾಗ ಹಗಲು ಹೊತ್ತು ಕೂತಿದ್ದೋಳು ನಾನು ಕಣೆ. ಸಂಘದೋರು ಅದನ್ನ ಸ್ಟೇಜಿನ ಮೇಲೆ ಹೇಳಿ ನಿನ್ನ ಕೈಲಿ ನಂಗೆ ಶಾಲು ಹೊದಿಸ್ಬೇಕು ಅಂತವ್ರೆ. ಅವ್ರ ಬಾಯಲ್ಲಿ ಕೇಳೋದಕ್ಕಿಂತ ನನ್ನ ಬಾಯಲ್ಲೇ ಕೇಳು ಅಂತ ಬಂದೆ."

ತುಂಗಮ್ಮನ ಕೈಯಲ್ಲಿ ಶಾವಿಗೆಯ ಎಳೆಗಳಿದ್ದವು. ಅವನ್ನು ಮಂಚದ ಮೇಲೆ ಮೆಲ್ಲನೆ ಹರಡಿದಳು. ಗಂಡನ ಕಡೆ ತಿರುಗಿ, ನಿಮಗೆ ಗೊತ್ತಿತ್ತೇ ಎಂದು ಕೇಳಿದಳು. ಬಾಗಿಲು ತೆಗೆದವನು ನಾನೇ ಅಲ್ಲವೇ ಎಂದ ಕರಿಯಣ್ಣ. ಹೇಳುವುದು ಊರಿನ ವಾಡಿಕೆಯಲ್ಲ, ಅದಕ್ಕೇ ಹೇಳಲಿಲ್ಲ ಎಂದು ಸೇರಿಸಿ, ಕೋಲನ್ನು ಗೋಡೆಗೆ ಒರಗಿಸಿ, ಏನೋ ಕೆಲಸ ನೆನಪಾದವನಂತೆ ಹೊರಗೆ ಹೋದ.

ತುಂಗಮ್ಮನ ಮುಖ ಕೆಂಪಾಗುತ್ತಾ ಬಂತು. ಅಳುತ್ತಾಳೆ ಎಂದುಕೊಂಡಿದ್ದಳು ಹೊಂಬಾಳಮ್ಮ. ಅಳಲಿಲ್ಲ.

"ನನ್ನ ಮೈ ಒರೆಸಿದ್ದೂ ನೀನೇನಾ?"

"ಹೂಂ."

"ಬಟ್ಟೆ ಬದಲಾಯಿಸಿದ್ದು?"

"ಹೂಂ."

ನಿನ್ನನ್ನು ಯಾರು ಕರೆದಿದ್ದರು ಎಂದಳು ತುಂಗಮ್ಮ. ಮೈಮೇಲೆ ಜ್ಞಾನವಿಲ್ಲದೆ ಬಿದ್ದವಳನ್ನು ನೋಡಿ ಹೋಗಿ, ಮಾರನೇ ದಿನ ಡೇರಿಯಲ್ಲಿ ಗೋಡೆ ನೋಡುತ್ತಾ ನಿಲ್ಲುವುದಕ್ಕೆ ಎಂಥ ಕಲ್ಲೆದೆ ಬೇಕು ಎಂದಳು. ಏಳು ವರ್ಷ ಮೇಷ್ಟ್ರ ಹೆಂಡತಿಗೆ ಶಾವಿಗೆ ಹೊತ್ತೆನಲ್ಲ, ನನ್ನನ್ನು ಎಂಥ ಪೆದ್ದಿ ಮಾಡಿದಿರಿ ನೀವೆಲ್ಲ ಸೇರಿ ಎಂದಳು. ಚೀಟಿಯಲ್ಲಿ ನಿನ್ನ ಹೆಸರು ಬಂತು, ವಾಪಸು ಕೊಡಬಹುದಿತ್ತು, ಕೊಡಲಿಲ್ಲ ಎಂದಷ್ಟೇ ಹೇಳಿದಳು ಹೊಂಬಾಳಮ್ಮ. ಯಾಕೆ ಕೊಡಲಿಲ್ಲ ಎಂದರೆ ಅವಳಿಗೂ ಗೊತ್ತಿರಲಿಲ್ಲ. ಶಾಲು ಹೊದಿಸುವುದಕ್ಕೆ ನಾನು ಸತ್ತರೂ ಬರುವುದಿಲ್ಲ ಎಂದಳು ತುಂಗಮ್ಮ. ಬರಬೇಡ, ಅದನ್ನೇ ಹೇಳೋಣವೆಂದು ಬಂದೆ ಎಂದು ಹೊಂಬಾಳಮ್ಮ ಹೊರಡಲು ತಿರುಗಿದಳು.

ಅವಳು ಬಾಗಿಲು ದಾಟುವಾಗ ತುಂಗಮ್ಮ ಹಿಂದಿನಿಂದ ಕೇಳಿದಳು. "ಇಪ್ಪತ್ತಾರು ದಿನ ಏನು ಮಾತಾಡ್ದೆ ನನ್ನ ಹತ್ರ?"

ಇದನ್ನು ಊರಿನಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಯಾರು ಕೂತಿದ್ದರೆಂದೇ ತಿಳಿಯದ ಮೇಲೆ ಏನು ಹೇಳಿದರೆಂದು ಯಾರನ್ನು ಕೇಳುವುದು. ಹೊಂಬಾಳಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಮೊದ್ಲು ನಾಕು ದಿನ ಏನೂ ಮಾತಾಡ್ನಿಲ್ಲ. ಹಂಗೇ ಬಿಟ್ರೆ ನೀನು ಮಾತು ಮರ್ತೋಯ್ತೀಯ ಅಂತ ದಿಗಿಲಾಯ್ತು. ಐದನೇ ದಿನ ಬೈಯಕ್ಕೆ ಸುರು ಮಾಡ್ದೆ."

"ಏನಂತ?"

"ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಂತ. ನನ್ನ ಮಗಳು ಆರು ತಿಂಗಳು ಕೋಣೆಯಿಂದ ಈಚೆಗೆ ಬರ್ನಿಲ್ಲ ಕಣೆ. ಅದನ್ನ ಯಾರಿಗೂ ಹೇಳಿರ್ನಿಲ್ಲ. ನಿಂಗೆ ಹೇಳ್ದೆ. ಇವತ್ತಿಗೂ ಅದೇ ಅಂತೀನಿ, ನೀನು ಸುಳ್ಳು ಹೇಳ್ಬೇಕಿತ್ತು."

"ನಾಳೆ ಬಂದು ಕೇಳಿದ್ರೂ ನಾನು ಅದನ್ನೇ ಹೇಳ್ತೀನಿ" ಎಂದಳು ತುಂಗಮ್ಮ. "ಮುಚ್ಚಿಟ್ಟು ಮದುವೆ ಮಾಡಿ, ಅಲ್ಲಿ ಒಂದಿನ ಮೂರ್ಛೆ ಬಂದಿದ್ರೆ ಆ ಮಗಿನ ಗತಿ ಏನಾಗ್ತಿತ್ತು?"

ಕಾಯುವವರಿಲ್ಲದ ಮಂಚಕ್ಕೆ ಎರಡು ಕಾಗೆ ಬಂದು ಇಳಿದವು. ತುಂಗಮ್ಮ ಕೋಲು ತೆಗೆದುಕೊಂಡು ಅವನ್ನು ಓಡಿಸಿದಳು. ಆರನೇ ದಿನ ಏನು ಹೇಳಿದೆ ಎಂದು ಮಂಚದ ಕಡೆಯೇ ನೋಡುತ್ತಾ ಕೇಳಿದಳು. ಆರನೇ ದಿನವೂ ಬೈದೆ ಎಂದಳು ಹೊಂಬಾಳಮ್ಮ. ಏಳನೇ ದಿನ ಮಂಡಿನೋವಿನ ವಿಷಯ ಹೇಳಿದೆ. ಎಂಟನೇ ದಿನವೋ ಒಂಬತ್ತನೇ ದಿನವೋ ವಿಮಲೆ ಬಸುರಿ ಎಂದು ಕಾಗದ ಬಂತು, ಊರಿನಲ್ಲಿ ಮೊದಲು ನಿನಗೇ ಹೇಳಿದೆ ಎಂದಳು.

"ಒಳಕ್ಕೆ ಬಾ. ಕೂತ್ಕಂಡು ಸರಿಯಾಗಿ ಹೇಳು, ಐದನೇ ದಿನದಿಂದ" ಎಂದಳು ತುಂಗಮ್ಮ. ಆ ಇಪ್ಪತ್ತಾರು ದಿನ ನಂದು ಕಣೆ, ನಿನ್ನ ಹತ್ರ ಇಟ್ಕಂಡಿದೀಯ, ಪೂರ್ತಿ ವಾಪಸು ಕೊಟ್ಟು ಹೋಗು ಎಂದಳಂತೆ. ಈ ಮಾತನ್ನು ನನಗೆ ಹೇಳುವಾಗ ಹೊಂಬಾಳಮ್ಮ ಸೆರಗಿನಿಂದ ಹುಬ್ಬಿನ ಹಿಟ್ಟನ್ನು ಒರೆಸಿಕೊಂಡಳು. ಹಿಟ್ಟು ಹೋಗಲಿಲ್ಲ.

ಅವತ್ತು ಮಧ್ಯಾಹ್ನ ಗಿರಣಿಯ ಮುಂದೆ ಸಾಲು ಬೀದಿಯ ಮೂಲೆಯವರೆಗೆ ಬೆಳೆದಿತ್ತು. ಮೂರು ಗಂಟೆಗೆ ಬಂದು ಬೀಗ ತೆಗೆದ ಹೊಂಬಾಳಮ್ಮ ನನ್ನನ್ನು ಕರೆಸಿದಳು. ಪ್ರಶಸ್ತಿ ತೆಗೆದುಕೊಳ್ಳುತ್ತೇನೆ, ಆದರೆ ಯಾರು ಯಾರ ಪಕ್ಕ ಕೂತಿದ್ದರೆಂದು ಪತ್ರದಲ್ಲಿ ಒಂದಕ್ಷರ ಬರೆಯಕೂಡದು, ಮಲಗಿ ಎದ್ದವರನ್ನು ಹೆಸರು ಹಿಡಿದು ವೇದಿಕೆಗೆ ಕರೆಯಕೂಡದು ಎಂದಳು. ತನ್ನ ಹೆಸರಿಗೆ ಮಾತ್ರವಲ್ಲ, ಐವರಿಗೂ. ನಾನು ತುಂಗಮ್ಮನ ಹೆಸರು ಏಕೆ ಬರೆದೆನೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನೇ ಹೇಳಿ ತಪ್ಪಾಯಿತೆಂದೆ. ನಿಮಗೆ ಒಳ್ಳೇದು ಮಾಡೋ ಚಪಲ ಜಾಸ್ತಿ ಎಂದಳು.

ವಜ್ರಕುಮಾರನಿಗೆ ನಿರಾಸೆಯಾಯಿತು. ಆ ಕಾರ್ಯಕ್ರಮದ ಜೀವವೇ ಅದಾಗಿತ್ತು ಎಂದ. ಹಾಗಾದರೆ ಶಾಲು ಹೊದಿಸುವವರು ಯಾರು? ಎರಡು ದಿನ ಯೋಚಿಸಿ ತಾನೇ ದಾರಿ ಕಂಡುಕೊಂಡ. ಕುಂಬಾರಗೇರಿಯ ಗುರುಲಿಂಗಯ್ಯನ ಮನೆಗೆ ಹೋಗಿ, ಐವರಿಗೂ ನೀವೇ ಹೊದಿಸಬೇಕು ಎಂದು ಕೈಮುಗಿದು ಕೇಳಿದ. ಸರಿಯಾಗಿ ಯಾರೂ ಕೂರದೆ ಹೋದ ಮನುಷ್ಯ. ನಾನು ಬರೆದ ಯಾವ ಅಭಿನಂದನಾ ಪತ್ರವೂ ಹೇಳದ್ದನ್ನು ಆತನ ಬಗ್ಗಿದ ಬೆನ್ನು ಹೇಳಿತು. ಇದು ವಜ್ರಕುಮಾರನಿಗೆ ಹೊಳೆಯಿತಲ್ಲ ಎಂದು ನನಗೆ ಇವತ್ತಿಗೂ ಆಶ್ಚರ್ಯ.

ಸಂಕ್ರಾಂತಿಯ ಮರುದಿನ ಸಂಜೆ ಮೈದಾನ ತುಂಬಿತ್ತು. ಗುರುಲಿಂಗಯ್ಯ ಒಬ್ಬೊಬ್ಬರಿಗೂ ಶಾಲು ಹೊದಿಸುವಾಗ ಏನೋ ಹೇಳಬೇಕೆಂದು ಬಾಯಿ ತೆರೆಯುವನು, ಮಾತು ಸಿಗದೆ ಅವರ ಭುಜ ಹಿಡಿದು ನಿಲ್ಲುವನು. ಜನ ಚಪ್ಪಾಳೆ ಹೊಡೆಯುವುದನ್ನು ಮರೆತು ನೋಡುತ್ತಿದ್ದರು. ಮಸ್ತಾನ್ ಸಾಬರ ಹೆಸರನ್ನು ನಾನು ಮೈಕಿನಲ್ಲಿ ಎರಡು ಸಲ ಕರೆದೆ. ಮೊದಲ ಸಲ ಕೇಳಿಸಿದರೂ ಅವರು ಏಳಲಿಲ್ಲ, ಇನ್ನೊಂದು ಸಲ ಕರೆಯಲಿ ಎಂದು ಕಾದರೇನೋ. ಕಪ್ಪು ಕೋಟಿನ ಮೇಲೆ ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತು, "ನನಗೆ ಬಹಳ ಸಂತೋಷ ಆಯ್ತು" ಎಂದರು. ಮುಂದೇನೂ ತೋಚದೆ ಅದನ್ನೇ ಇನ್ನೊಮ್ಮೆ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಮೊಮ್ಮಗಳು ಮಗುವನ್ನು ಗಂಡನ ಕೈಗೆ ಕೊಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಹೊಂಬಾಳಮ್ಮ ಮಾತ್ರ ಪರೀಕ್ಷೆಗೆ ಕೂತವಳ ಹಾಗೆ ಗಂಟುಮುಖ ಹಾಕಿಕೊಂಡು ಶಾಲು ಹೊದಿಸಿಕೊಂಡು ಇಳಿದಳು. ತುಂಗಮ್ಮ ಕೊನೆಯ ಸಾಲಿನಲ್ಲಿ ಬಂದು ಕೂತಿದ್ದನ್ನು ನಾನು ವೇದಿಕೆಯಿಂದ ನೋಡಿದೆ. ಹಣ್ಣು ಹಂಚುವ ಹೊತ್ತಿಗೆ ಎದ್ದು ಹೋಗಿದ್ದಳು.

ಪ್ರಶಸ್ತಿ ಕೊಟ್ಟದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಈಗಲೂ ಕಟ್ಟೆಯ ಮೇಲೆ ವಾದ ನಡೆಯುತ್ತದೆ. ನನ್ನ ಪುಸ್ತಕ ಹೇಳುವುದಿಷ್ಟು. ಆ ವರ್ಷ ಮಾಘ ಮುಗಿಯುವ ಹೊತ್ತಿಗೆ ಹನ್ನೊಂದು ಹೊಸ ಹೆಸರು ಬಂದವು. ಅದರಲ್ಲಿ ಒಬ್ಬ, ಮುಂದಿನ ಪ್ರಶಸ್ತಿ ಎಷ್ಟು ಜನರನ್ನು ನೋಡಿಕೊಂಡರೆ ಸಿಗುತ್ತದೆ ಎಂದು ಕೇಳಿದ. ಮೂರು ಸರದಿಯ ಮೇಲೆ ಬರಲಿಲ್ಲ. ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು ಹಳಬರಿಬ್ಬರು ಬಿಟ್ಟುಹೋದರು, ನೊಂದು ಹೋದರು, ಅವರ ನೋವು ಸುಳ್ಳಲ್ಲ. ಹೊಸಬರಲ್ಲಿ ಉಳಿದ ಹತ್ತು ಮಂದಿ ಇದ್ದಾರೆ. ಅವರಲ್ಲಿ ಒಬ್ಬಳು ಗುರುಲಿಂಗಯ್ಯನ ಹೆಂಡತಿ. ಆ ಬೇಸಿಗೆ ಯಾರೂ ಮಾತು ಕಳೆದುಕೊಂಡು ಏಳಲಿಲ್ಲ.

ಆ ವರ್ಷದ ಮೊದಲ ಚೀಟಿ ಎತ್ತುವ ದಿನ ಹೊಂಬಾಳಮ್ಮ ಬಂದು, ಈ ಸಲ ಹತ್ತರಿಂದ ಎರಡು ನನಗಾಗುವುದಿಲ್ಲ, ಸಂಜೆಯ ಸರದಿ ಬರೆದುಕೊಳ್ಳಿ ಎಂದಳು. ಕಾರಣ ಎಲ್ಲರಿಗೂ ಗೊತ್ತಿತ್ತು. ಸಂಕ್ರಾಂತಿಗೆ ಮುಂಚೆಯೇ ಹಿಡಿದ ವ್ರತ, ದಿನವೂ ಹತ್ತು ಗಂಟೆಗೆ ಗಿರಣಿ ನಿಲ್ಲಿಸಿ ತುಂಗಮ್ಮನ ಮನೆಗೆ ಹೋಗುತ್ತಿದ್ದಳು. ಇಪ್ಪತ್ತಾರು ದಿನದ ಮಾತು, ಇಪ್ಪತ್ತಾರು ದಿನದಲ್ಲಿ ಮುಗಿಯುತ್ತದೆ ಎಂದು ಇಬ್ಬರೂ ಎಣಿಸಿದ್ದರು. ಆದರೆ ಮಲಗಿದ್ದವಳು ಸುಮ್ಮನೆ ಕೇಳಿಸಿಕೊಂಡಿದ್ದಳು, ಎಚ್ಚರವಿದ್ದವಳು ಪ್ರತಿ ಮಾತಿಗೂ ಜವಾಬು ಕೊಡುತ್ತಿದ್ದಳು. ಎರಡು ತಿಂಗಳು ಕಳೆದರೂ ಅವರು ಹದಿಮೂರನೇ ದಿನ ದಾಟಿರಲಿಲ್ಲ.

ಫಾಲ್ಗುಣದ ಒಂದು ಬೆಳಿಗ್ಗೆ ಮನೆಯಲ್ಲಿ ಹಿಟ್ಟು ಮುಗಿದಿದೆಯೆಂದು ನನ್ನಾಕೆ ರಾಗಿ ಕೊಟ್ಟು ಕಳಿಸಿದಳು. ನಾನು ಹೊರಡುವುದು ತಡವಾಯಿತು. ಗಿರಣಿಗೆ ಬೀಗ ಬಿದ್ದಿತ್ತು. ಕರೆತರೋಣವೆಂದು ಚೀಲ ಹೊತ್ತುಕೊಂಡೇ ತುಂಗಮ್ಮನ ಬೀದಿಗೆ ಹೋದೆ. ಬೀದಿ ಬಾಗಿಲು ತೆರೆದಿತ್ತು. ಒಳಗೆ ಇಬ್ಬರ ದನಿಯೂ ಏರಿತ್ತು. ದೀಪ, ಸುಳ್ಳು, ವಿಮಲೆ ಎಂಬ ಮಾತುಗಳು ಕೇಳುತ್ತಿದ್ದವು. ಅಂಗಳದಲ್ಲಿದ್ದ ಕರಿಯಣ್ಣ ನನ್ನ ಚೀಲವನ್ನೂ ನನ್ನನ್ನೂ ನೋಡಿ, ಇವತ್ತು ಆಗುವುದಿಲ್ಲ ಎನ್ನುವಂತೆ ಕೈ ಆಡಿಸಿದ. ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ. ಅವತ್ತು ನಮ್ಮ ಮನೆಯಲ್ಲಿ ಮುದ್ದೆ ಆಗಲಿಲ್ಲ, ಬರೀ ಅನ್ನವನ್ನೇ ಉಂಡೆವು. ನನ್ನಾಕೆ ಅದಕ್ಕೆ ಬೇಸರಿಸಲಿಲ್ಲ. ಒಳಗಿನಿಂದ ಏನೇನು ಕೇಳಿಸಿತು ಎಂದು ಮಾತ್ರ ಎರಡೆರಡು ಸಲ ಕೇಳಿದಳು.